ಐದೂಕಾಲು ಇಂಚು

ನಮ್ಮ ಮನೆಯ ಕಂಪ್ಯೂಟರ್ ಕೈಕೊಟ್ಟದ್ದು ಸೋಮವಾರ ಬೆಳಿಗ್ಗೆ. ಕಸೂತಿ ಯಂತ್ರವನ್ನು ಮಾರಿಬಿಡೋಣ ಎಂದು ಅತ್ತಿಗೆ ತೀರ್ಮಾನ ಮಾಡಿದ್ದು ಅದೇ ದಿನ ಮಧ್ಯಾಹ್ನ. ಶಾಲೆಗಳಿಗೆ ಯೂನಿಫಾರ್ಮ್ ಹೊಲಿದುಕೊಡುವ ಹೆಂಗಸೊಬ್ಬಳಿಗೆ ಫೋನ್ ಮಾಡಿ, ಶನಿವಾರ ಹನ್ನೊಂದು ಗಂಟೆಗೆ ಬಂದು ಯಂತ್ರ ನೋಡಿಕೊಂಡು ಹೋಗಮ್ಮ ಎಂದು ಹೇಳಿ, ಫೋನ್ ಕೆಳಗಿಟ್ಟ ಮೇಲೆ ನನಗೆ ತಿಳಿಸಿದರು.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ?" ಎಂದೆ.

"ಮೊದಲೇ ಕೇಳಿದ್ರೆ ಕೂಗಾಡ್ತಿದ್ದೆ. ಈಗ ಹೇಳಿದ್ರೂ ಕೂಗಾಡ್ತೀಯ. ಎರಡು ಸಲ ಯಾಕೆ, ಒಂದೇ ಸಲ ಕೂಗಾಡಲಿ ಅಂತ ಬಿಟ್ಟೆ."

ಕೂಗಾಡಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಅತ್ತಿಗೆ ತಟ್ಟೆ ತೊಳೆಯುತ್ತ ನಿಂತು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಆಯ್ತಾ? ಕಂಪ್ಯೂಟರೂ ಇಲ್ಲದ ಮೇಲೆ ನಾನು ಇಲ್ಲಿ ದಂಡದ ಊಟ ಕಣೇ. ಮಗಳು ಎರಡು ವರ್ಷದಿಂದ ಬಾ ಬಾ ಅಂತಿದ್ದಾಳೆ. ಹೋಗಿ ಅಲ್ಲೇ ಇದ್ದುಬಿಡ್ತೀನಿ," ಎಂದರು.

ಹೋಗಬೇಡಿ ಎನ್ನಬೇಕಿತ್ತು. ಎಂಟು ವರ್ಷದ ಮಕ್ಕಳಿಗೂ ಬರುವ ಮಾತು ಅದು. ನನ್ನ ಬಾಯಿಂದ ಬಂದದ್ದು, "ಹೋಗಿ, ಯಾರು ಬೇಡ ಅಂದ್ರು!"

ನಮ್ಮ ಮನೆಯ ವಿಚಾರ ಸ್ವಲ್ಪ ಹೇಳಬೇಕು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ನಮ್ಮ ಅಂಗಡಿ. ಬಾಗಿಲಿನ ಬಲಕ್ಕೆ ನನ್ನ ಹೊಲಿಗೆ ಯಂತ್ರ, ಎಡಕ್ಕೆ ಅತ್ತಿಗೆಯ ಕಸೂತಿ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು. ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಮದುವೆಯ ಗೋಜಿಗೇ ಹೋಗದ ನಾನು, ಅಣ್ಣನ ಹೆಂಡತಿ, ಇಬ್ಬರೇ ಇರುವುದು. ಅವರು ಈ ಮನೆಗೆ ಬಂದು ಮೂವತ್ತೊಂದು ವರ್ಷ. ಆಗ ಅವರು ಸೆರಗಿನ ಅಂಚಿಗೆ ಹಾಕುತ್ತಿದ್ದ ಹೂವನ್ನು ಜನ ಉಗುರಿನಿಂದ ಕೆರೆದು ನೋಡುತ್ತಿದ್ದರು, ಹೊಲಿದದ್ದೋ ಬಣ್ಣದಲ್ಲಿ ಬರೆದದ್ದೋ ಎಂದು. ಐದು ವರ್ಷದ ಹಿಂದೆ ಆ ಕೈ ನಡುಗತೊಡಗಿತು. ಪ್ರಾಣಕ್ಕೇನೂ ಅಪಾಯವಿಲ್ಲ ಎಂದರು ಡಾಕ್ಟರು. ಪ್ರಾಣದ ಮಾತು ಯಾರು ಕೇಳಿದ್ದರೋ! ಸೂಜಿಗೆ ದಾರ ಪೋಣಿಸಲಾಗದೆ ಅವರು ಮಂಕಾಗಿ ಕೂತದ್ದನ್ನು ನೋಡಲಾರದೆ ನಾನೇ ಹಟ ಹಿಡಿದು ಈ ಕಸೂತಿ ಯಂತ್ರವನ್ನೂ ಅದರ ಕಂಪ್ಯೂಟರನ್ನೂ ಕೊಂಡು ತಂದೆ. ಎರಡೂ ಬಳಸಿ ಬಿಟ್ಟವೇ. ಕಂಪ್ಯೂಟರಿನಲ್ಲಿ ಹೂವು ಬರೆದರೆ ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಕೈ ನಡುಗಿ ಗೆರೆ ಸೊಟ್ಟಗಾದರೆ ಸ್ಕ್ರೀನಿನ ಮೇಲೆ ಅಳಿಸಿ ಮತ್ತೆ ಎಳೆಯಬಹುದು. ಅತ್ತಿಗೆಗೆ ಮತ್ತೆ ಜೀವ ಬಂದ ಹಾಗಾಗಿತ್ತು.

ಹಾಗಾಗಿ ಶನಿವಾರ ಹನ್ನೊಂದು ಗಂಟೆಯೊಳಗೆ ಆ ಕಂಪ್ಯೂಟರ್ ಓಡಲೇಬೇಕಿತ್ತು. ಓಡಿದರೆ ಅತ್ತಿಗೆ ಉಳಿಯುತ್ತಾರೆ, ಇಲ್ಲವಾದರೆ ಹೋಗುತ್ತಾರೆ. ನನ್ನ ಲೆಕ್ಕ ಅಷ್ಟೇ ಇತ್ತು.

ಮಂಗಳವಾರ ಕಂಪ್ಯೂಟರಿನ ಡಬ್ಬಿಯನ್ನು ಚಾದರದಲ್ಲಿ ಗಂಟು ಕಟ್ಟಿಕೊಂಡು ಸ್ಕ್ರೂ ಮಾಮನ ಅಂಗಡಿಗೆ ಹೋದೆ. ರಿಪೇರಿ ಅಂಗಡಿಯವರು; ಕಿವಿಯ ಮೇಲೆ ಸದಾ ಒಂದು ಸ್ಕ್ರೂಡ್ರೈವರ್ ಇರುವುದರಿಂದ ಬೀದಿಯ ಮಕ್ಕಳು ಇಟ್ಟ ಹೆಸರು ಅದು, ಈಗ ದೊಡ್ಡವರೂ ಹಾಗೇ ಕರೆಯುತ್ತಾರೆ. ಭೂಮಿ ಬಾಯಿಬಿಟ್ಟರೂ ದನಿ ಏರಿಸದ ಮನುಷ್ಯ. ಡಬ್ಬಿಯ ಪಕ್ಕ ಬಿಚ್ಚಿ, ಒಳಗಿನ ಹಸಿರು ಹಲಗೆಯ ಮೇಲೆ ತಲೆ ಉಬ್ಬಿಸಿಕೊಂಡು ನಿಂತಿದ್ದ ಪುಟ್ಟ ಪುಟ್ಟ ಉರುಳೆಗಳನ್ನು ತೋರಿಸಿದರು.

"ಮದರ್‌ಬೋರ್ಡ್ ಹೋಗಿದೆ ಟೈಲರಮ್ಮ."

"ಅದೊಂದೇ ಹಾಕಿಕೊಡಿ."

"ಈ ಕಾಲದ್ದು ಈಗ ಸಿಗಲ್ಲ. ಹೊಸ ಬೋರ್ಡ್ ಹಾಕಿದ್ರೆ ಹಳೇ ಪ್ರೊಸೆಸರ್ ಅದರಲ್ಲಿ ಕೂರಲ್ಲ. ಅದೂ ಹೊಸದು ಬೇಕು. ಮೆಮೊರಿನೂ ಹೊಸದು ಬೇಕು."

"ಒಂದು ಗುಂಡಿ ಕಿತ್ತುಹೋಯ್ತು ಅಂದ್ರೆ ಶರ್ಟೇ ಹೊಸದು ಹೊಲಿಸಿ ಅಂದ ಹಾಗಾಯ್ತು ನಿಮ್ಮ ಮಾತು."

"ಗುಂಡಿ ಗಟ್ಟಿಯಾಗೇ ಇದೆ. ಹರಿದಿರೋದು ಬಟ್ಟೆ," ಎಂದರು ತಣ್ಣಗೆ. "ಡಿಸ್ಕ್ ಚೆನ್ನಾಗಿದೆ. ನಿಮ್ಮ ಅತ್ತಿಗೆ ಬರೆದ ಡಿಸೈನ್ ಒಂದೂ ಹೋಗಿಲ್ಲ. ಅದನ್ನ ಹೊಸ ಬೋರ್ಡಿಗೆ ಒಗ್ಗೋ ಹಾಗೆ ನಾನೇ ಸಿದ್ಧ ಮಾಡ್ತೀನಿ."

ಆ ಮಾತಿಗೆ ನನಗೆ ಹೋದ ಉಸಿರು ಬಂತು. ಅವರು ಮೂರು ಬೋರ್ಡುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟರು. ಯಾವುದು ಬೇಕು ಎಂದು ನಾನು ಕೇಳಲಿಲ್ಲ. ಅಂಗಡಿಗೆ ದಾರ ತರಲು ಹೋಗುವಾಗ ನಾವು ಬಾಯಲ್ಲಿ ಬಣ್ಣ ಹೇಳುವುದಿಲ್ಲ, ಬಟ್ಟೆಯ ತುಂಡು ಒಯ್ದು ಪಕ್ಕದಲ್ಲಿಟ್ಟು ನೋಡುತ್ತೇವೆ. ಹಾಗೆಯೇ ಕಸೂತಿ ಯಂತ್ರದ ವೈರನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಅದರ ತುದಿಯಲ್ಲಿ ಒಂಬತ್ತು ತೂತಿನ ಅಗಲ ಮೂತಿ. ಮೊದಲ ಬೋರ್ಡಿನ ಬೆನ್ನಿಗೆ ಹಿಡಿದೆ, ಕೂರಲಿಲ್ಲ. ಎರಡನೆಯದಕ್ಕೂ ಅಷ್ಟೆ. ಮೂರನೆಯದರ ಬೆನ್ನಿನಲ್ಲಿ ಒಂಬತ್ತು ಮುಳ್ಳಿನ ಗೂಡಿತ್ತು, ವೈರು ಕಚ್ಚಿಕೊಂಡು ಕೂತಿತು.

"ಇದೇ," ಎಂದೆ.

ಸ್ಕ್ರೂ ಮಾಮ ಕಿವಿಯ ಮೇಲಿನ ಸ್ಕ್ರೂಡ್ರೈವರ್ ತೆಗೆದು ಕೆಳಗಿಟ್ಟರು. "ಇಪ್ಪತ್ತು ವರ್ಷದಲ್ಲಿ ವೈರು ತಂದು ಬೋರ್ಡ್ ಆರಿಸಿದವರು ನೀವೊಬ್ಬರೇ. ಮಿಕ್ಕವರೆಲ್ಲ ಯಾವುದರಲ್ಲಿ ದೀಪ ಜಾಸ್ತಿ ಉರಿಯುತ್ತೆ ಅಂತ ಕೇಳ್ತಾರೆ," ಎಂದರು. ಅಲ್ಲಿಗೆ ನನ್ನ ತಲೆ ಸ್ವಲ್ಪ ತಿರುಗಿತು ಎಂದು ಒಪ್ಪಿಕೊಳ್ಳುತ್ತೇನೆ. ಮುಂದಿನ ಎಡವಟ್ಟಿಗೆಲ್ಲ ಅದೇ ಮೂಲ.

ಪ್ರೊಸೆಸರಿನ ಸರದಿ ಬಂತು. "ಹಳೇದು ಎಲ್ಲಿ ಕಾಯಿಸ್ತಿತ್ತು? ಡಿಸೈನ್ ತೆರೆಯುವಾಗಲೋ, ಬರೆಯುವಾಗಲೋ?" ಎಂದು ಕೇಳಿದರು. ನನಗೇನು ಗೊತ್ತು? ಅತ್ತಿಗೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಮೊದಲು, "ಯಾಕೆ ಸುಮ್ಮನೆ ಒದ್ದಾಡ್ತೀಯ, ಬಿಟ್ಟು ಬಾ," ಎಂದರು. ಸ್ಕ್ರೂ ಮಾಮ ಮತ್ತೆ ಕೇಳಿದ ಮೇಲೆ ಶುರುವಾಯಿತು ನೋಡಿ.

"ತೆರೆಯುವಾಗ ಏನೂ ಇಲ್ಲ ಇವರೇ. ಎಸಳಿನೊಳಗೆ ಹೊಲಿಗೆ ತುಂಬಿಸು ಅಂದಾಗ ನಿಂತುಬಿಡ್ತಿತ್ತು. ಒಂದು ಎಸಳಿಗೆ ಒಂದು ಲೋಟ ನೀರು ಕುಡಿದು ಬರಬಹುದು. ಎಲೆ ಆದ್ರೆ ಅರ್ಧ ಲೋಟ. ಹೂವನ್ನ ಓರೆಯಾಗಿ ತಿರುಗಿಸಿದ್ರೆ ಒಗೆದ ಬಟ್ಟೆ ಹರವಿ ಬಂದ್ರೂ ಇನ್ನೂ ತಿರುಗ್ತಾನೇ ಇರೋದು. ಒಂದೇ ಸಲಕ್ಕೆ ಒಂದೇ ಡಿಸೈನ್ ಇಟ್ಕೋತೀನಿ, ಎರಡು ತೆರೆಯಲ್ಲ."

ಸೋಮವಾರದಿಂದ ಎರಡು ಮಾತಿಗಿಂತ ಹೆಚ್ಚು ಆಡದಿದ್ದವರು ಸರಸರ ಮಾತಾಡುತ್ತಿದ್ದರು. ಇವರಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇಲ್ಲ ಎಂದು ನನಗೆ ಆಗ ಅನ್ನಿಸಿತು.

"ಅಂದ್ರೆ ಪ್ರೊಸೆಸರಿನೊಳಗೆ ಹತ್ತು ಜನ ಸಾಧಾರಣ ಕೆಲಸದವರು ಬೇಡ," ಎಂದರು ಸ್ಕ್ರೂ ಮಾಮ, ಫೋನಿಗೂ ನನಗೂ ಸೇರಿಸಿ. "ನಿಮ್ಮ ಕಸೂತಿ ಪ್ರೋಗ್ರಾಮ್ ಹಳೇದು. ಕೆಲಸವನ್ನ ಹಂಚಲ್ಲ, ಎಲ್ಲ ಒಬ್ಬನ ತಲೆ ಮೇಲೆ ಹಾಕುತ್ತೆ. ಕೈ ಚುರುಕಿರೋ ನಾಲ್ಕು ಜನ ಇರೋ ಪ್ರೊಸೆಸರ್ ಸಾಕು. ದೊಡ್ಡದು ತಗೊಂಡ್ರೆ ಮಿಕ್ಕವರು ಕೂತು ಆಕಳಿಸ್ತಾರೆ."

"ಸದ್ಯ, ನಮ್ಮ ಮನೇಲಿ ಕೂತು ಆಕಳಿಸೋಕೆ ನಾನೊಬ್ಬಳು ಸಾಕು," ಎಂದರು ಅತ್ತಿಗೆ.

ಇನ್ನು ಮೆಮೊರಿ. ಬೆರಳಗಲದ ಉದ್ದನೆಯ ಪಟ್ಟಿ, ಕೆಳಗೆ ಚಿನ್ನದ ಬಣ್ಣದ ಹಲ್ಲುಗಳು. ಸ್ಕ್ರೂ ಮಾಮ ಒಂದನ್ನು ತೋರಿಸಿ ಇದು ಸಾಕು ಎಂದರು. ನಾನು ಕುತ್ತಿಗೆಯ ಟೇಪು ತೆಗೆದು ಅಳೆದೆ. ಐದೂಕಾಲು ಇಂಚು. ಹಿಂದಿನ ಬೀದಿಯ ಫೋಟೊ ಸ್ಟುಡಿಯೋದವರು ತಮ್ಮ ಕಂಪ್ಯೂಟರ್ ಬದಲಾಯಿಸಿದ್ದು ನೆನಪಾಯಿತು. ಅದರೊಳಗಿಂದ ತೆಗೆದ ಮೆಮೊರಿ ಬೇಕಾದರೆ ತಗೊಳ್ಳಿ ಎಂದಿದ್ದರು.

"ಮೆಮೊರಿ ನಾನೇ ನೋಡಿಕೊಳ್ತೀನಿ," ಎಂದೆ.

"ತಂದು ನನಗೊಮ್ಮೆ ತೋರಿಸಿ ಟೈಲರಮ್ಮ. ಅದರಲ್ಲೂ ತಲೆಮಾರು ಅಂತ ಇರುತ್ತೆ."

ತೋರಿಸುತ್ತೇನೆ ಎಂದು ತಲೆಯಾಡಿಸಿದೆ. ತೋರಿಸಲಿಲ್ಲ. ಸ್ಟುಡಿಯೋದವರ ಕೋಟಿನ ತೋಳು ಗಿಡ್ಡ ಮಾಡಿಕೊಟ್ಟು, ಕೆಂಪು ಕವಚದ ಎರಡು ಮೆಮೊರಿ ಪಟ್ಟಿ ಇಸಿದುಕೊಂಡೆ. ಅಲ್ಲೇ ನಿಂತು ಟೇಪು ಹಿಡಿದೆ. ಐದೂಕಾಲು ಇಂಚು, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೂವತ್ತು ವರ್ಷ ಈ ಊರಿನ ಸೊಂಟವನ್ನೆಲ್ಲ ಅಳೆದ ಟೇಪು ಅದು. ಅದಕ್ಕಿಂತ ಹೆಚ್ಚಿನ ಸಾಕ್ಷಿ ಏನು ಬೇಕು?

ಸ್ಕ್ರೂ ಮಾಮನಿಗೆ ಯಾವುದೋ ಕಾಲೇಜಿನ ಮೂವತ್ತು ಕಂಪ್ಯೂಟರಿನ ಕೆಲಸ ಬಂದಿತ್ತು. ಸೋಮವಾರ ಬಂದು ಜೋಡಿಸಿಕೊಡುತ್ತೇನೆ ಎಂದರು. ಸೋಮವಾರಕ್ಕೆ ನನ್ನ ಪಾಲಿಗೆ ಎಲ್ಲ ಮುಗಿದಿರುತ್ತದೆ. ಹೊಲಿಗೆ ಯಂತ್ರವನ್ನು ಬಿಚ್ಚಿ ಎಣ್ಣೆ ಹಾಕಿ ಕಣ್ಣುಮುಚ್ಚಿಕೊಂಡು ಜೋಡಿಸುವವಳಿಗೆ ಇದೇನು ಮಹಾ ಎಂದು ಗುರುವಾರ ಡಿಸ್ಕೂ ಸಮೇತ ಎಲ್ಲವನ್ನೂ ಇಸಿದುಕೊಂಡು ಬಂದೆ. ಬೋರ್ಡಿನ ಚೌಕದೊಳಗಿನ ಸಣ್ಣ ಮುಳ್ಳುಗಳನ್ನು ಮುಟ್ಟಬೇಡಿ, ಮೂಲೆಯ ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ, ಯಾವುದನ್ನೂ ಬಲವಂತ ಮಾಡಬೇಡಿ ಎಂದು ಅವರು ಮೂರು ಸಲ ಹೇಳಿದರು.

ಶುಕ್ರವಾರ ಸಂಜೆ ಐದಕ್ಕೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಕತ್ತರಿಸುವ ಮೇಜಿನ ಮೇಲೆ ಹಳೆಯ ಬಿಳಿ ಪಂಚೆ ಹಾಸಿ ಕೂತೆ. "ನನಗೇನೂ ಗೊತ್ತಿಲ್ಲಪ್ಪ," ಎನ್ನುತ್ತಲೇ ಅತ್ತಿಗೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಪ್ರೊಸೆಸರಿನ ಮೂಲೆಯಲ್ಲಿ ಚಿನ್ನದ ತ್ರಿಕೋನ; ಬೋರ್ಡಿನಲ್ಲೂ ಒಂದು. ತೋಳಿಗೂ ಹೆಗಲಿಗೂ ಗುರುತು ಹಾಕಿ ಹೊಂದಿಸುವ ಕೆಲಸವೇ ಅದು. ಮೇಲಿನ ಕೊಕ್ಕೆ ಒತ್ತಿದಾಗ ಕರಕರ ಸದ್ದಾಗಿ ಇಬ್ಬರಿಗೂ ಜೀವ ಬಾಯಿಗೆ ಬಂತು. ಆದರೂ ಕೂತಿತು. ಫ್ಯಾನು ಕೂತಿತು. ಬೋರ್ಡು ಡಬ್ಬಿಯೊಳಗೆ ಕೂತಿತು. ಆರು ಗಂಟೆಗೆ ನಾನು ಹಾಡು ಗುನುಗುತ್ತಿದ್ದೆ.

ಕೆಂಪು ಮೆಮೊರಿ ಮಾತ್ರ ಕೂರಲಿಲ್ಲ. ಈ ಕಡೆ ತಿರುಗಿಸಿದೆ, ಆ ಕಡೆ ತಿರುಗಿಸಿದೆ. ಬೋರ್ಡಿನ ಸೀಳಿನ ಉದ್ದ ಅಳೆದೆ, ಪಟ್ಟಿಯ ಉದ್ದ ಅಳೆದೆ. ಐದೂಕಾಲು, ಐದೂಕಾಲು. ನನಗೆ ಪಿತ್ತ ನೆತ್ತಿಗೇರಿತು. ಎದ್ದು ನಿಂತು, ಎರಡೂ ಹೆಬ್ಬೆರಳಿಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಲು ಹೊರಟೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ನಿಲ್ಲು. ಕಾಜ ತಪ್ಪಿದೆ."

"ಏನು ಕಾಜ?"

"ಹಲ್ಲಿನ ನಡುವೆ ಒಂದು ಕಚ್ಚು ಇದೆ ನೋಡು. ಕೆಳಗೆ ಸೀಳಿನಲ್ಲಿ ಒಂದು ಗುಬಟು ಇದೆ. ಗುಬಟು ಕಚ್ಚಿನೊಳಗೆ ಹೋಗಬೇಕು. ಎರಡಕ್ಕೂ ಒಂದು ಕಾಳಿನಷ್ಟು ವ್ಯತ್ಯಾಸ. ಇದು ಇದರ ಗುಂಡಿ ಅಲ್ಲ ಕಣೇ, ಬೇರೆ ಅಂಗಿಯದ್ದು."

ಕನ್ನಡಕ ಮೇಲೆ ಕೆಳಗೆ ಮಾಡಿ ಮಾಡಿ ನೋಡಿದೆ. ಹೌದು. ನನಗೆ ಐದು ನಿಮಿಷ ಹಿಡಿದದ್ದು ಅವರಿಗೆ ಕೂತಲ್ಲಿಂದಲೇ ಕಂಡಿತ್ತು. ಇನ್ನೊಂದು ಉಸಿರು ಬಿಟ್ಟಿದ್ದರೆ ನಾನು ಹೊಸ ಬೋರ್ಡನ್ನು ಮುರಿದು ಎರಡು ಮಾಡಿರುತ್ತಿದ್ದೆ.

"ಉದ್ದ ಸರಿ ಇದೆಯಲ್ಲ!" ಎಂದು ಟೇಪು ತೋರಿಸಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಅತ್ತಿಗೆ ನಗತೊಡಗಿದರು. ಕುರ್ಚಿಯ ಕೈ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಮೆಮೊರಿಗೆ... ಟೇಪು... ಎದೆಯಳತೆನೂ ತಗೊಂಡ್ಯಾ?" ಎಂದು ಮತ್ತೆ ನಕ್ಕರು. ನಾನು ಮುಖ ಊದಿಸಿಕೊಂಡು ಕೂತೆ. ಒಳಗೆ ಮಾತ್ರ, ಇವರು ಹೀಗೆ ನಕ್ಕು ಎಷ್ಟು ದಿನವಾಯಿತು, ಇನ್ನೂ ಸ್ವಲ್ಪ ನಗಲಿ ಎನ್ನಿಸುತ್ತಿತ್ತು.

ನಗು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು, "ಇರಲಿ ಬಿಡು. ಪ್ರಯತ್ನ ಮಾಡಿದೆಯಲ್ಲ, ಅಷ್ಟು ಸಾಕು. ನಾಳೆ ಅವಳು ಬರ್ತಾಳೆ," ಎಂದು ಎದ್ದು ಒಳಗೆ ಹೋದರು. ನಗುವಿನಿಂದ ಏನೂ ಬದಲಾಗಿರಲಿಲ್ಲ.

ಶನಿವಾರ ಸ್ಕ್ರೂ ಮಾಮನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಅವರು ಬಂದದ್ದು ಹತ್ತೂವರೆಗೆ. ಕೆಂಪು ಪಟ್ಟಿಗಳನ್ನು ನೋಡಿ ಪಕ್ಕಕ್ಕೆ ಸರಿಸಿದರು, ಬೈದಿದ್ದರೇ ವಾಸಿಯಿತ್ತು. ಸರಿಯಾದ ಮೆಮೊರಿಯನ್ನು ಕೈಗಿಟ್ಟು, "ಇದು ಹೊಸ ತಲೆಮಾರಿನದು. ಮೊದಲನೇ ಸಲ ಆನ್ ಮಾಡಿದಾಗ ಬೋರ್ಡು ಇದನ್ನ ಪರಿಚಯ ಮಾಡಿಕೊಳ್ಳುತ್ತೆ. ಸ್ವಲ್ಪ ಹೊತ್ತು ಸ್ಕ್ರೀನ್ ಕಪ್ಪಗೇ ಇರುತ್ತೆ, ಗಾಬರಿ ಆಗಬೇಡಿ," ಎಂದರು. ಸ್ವಲ್ಪ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಿದೆ.

ಮನೆಯ ಮುಂದೆ ಆಗಲೇ ವ್ಯಾನು ನಿಂತಿತ್ತು. ಒಳಗೆ ಯೂನಿಫಾರ್ಮಿನವಳು ಕಸೂತಿ ಯಂತ್ರದ ಸುತ್ತ ಬಂದು ಟೇಪು ಹಿಡಿಯುತ್ತಿದ್ದಳು. ಒಳ್ಳೆಯ ಹುಡುಗಿ, ಮೂವತ್ತರ ಆಸುಪಾಸು. ಅವಳ ಮೇಲೆ ನನಗೆ ಬಂದ ಕೋಪಕ್ಕೆ ಅವಳು ಮಾಡಿದ ತಪ್ಪೇನೂ ಇರಲಿಲ್ಲ. ಅತ್ತಿಗೆ ಒಗೆದ ಸೀರೆ ಉಟ್ಟು, ಕೈ ಮಡಿಲಲ್ಲಿಟ್ಟುಕೊಂಡು ನೆಂಟರ ಮನೆಗೆ ಬಂದವರ ಹಾಗೆ ಕೂತಿದ್ದರು.

"ಎರಡು ನಿಮಿಷ," ಎಂದು ನಾನು ಡಬ್ಬಿಯ ಮುಂದೆ ಕೂತೆ. ಮೆಮೊರಿಯನ್ನು ಸೀಳಿಗೆ ಇಡಲು ಹೋದರೆ ಪಟ್ಟಿ ಅಂಚಿಗೆ ತಾಗಿ ಟಕಟಕ ಎನ್ನುತ್ತಿದೆ. ನನ್ನ ಕೈ ನಡುಗುತ್ತಿತ್ತು. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು.

ಅತ್ತಿಗೆ ಎದ್ದು ಬಂದರು. "ನನ್ನ ಕೈ ನಡುಗೋಕೆ ಶುರುವಾಗಿ ಐದು ವರ್ಷ. ನನಗೆ ಅಭ್ಯಾಸ ಇದೆ. ನಿನ್ನದು ಇವತ್ತು ಶುರುವಾಗಿದೆ. ಕೊಡು ಇಲ್ಲಿ."

ಕಚ್ಚು ಎಲ್ಲಿದೆ ಎಂದು ಕಣ್ಣಲ್ಲೇ ನೋಡಿಕೊಂಡರು. ಎಡಗೈಯನ್ನು ಡಬ್ಬಿಯ ಅಂಚಿಗೆ ಒರಗಿಸಿ, ಪಟ್ಟಿಯನ್ನು ಸೀಳಿನೊಳಗೆ ಇಳಿಸಿ, ಒಂದು ತುದಿ ಒತ್ತಿದರು, ಇನ್ನೊಂದು ತುದಿ ಒತ್ತಿದರು. ಚಟ್ ಎಂದಿತು, ಮತ್ತೊಂದು ಸಲ ಚಟ್ ಎಂದಿತು. ಸೂಜಿ ಹಿಡಿಯಲಾಗದ ಕೈಗೆ ಒತ್ತಲು ಯಾವ ತೊಂದರೆಯೂ ಇರಲಿಲ್ಲ.

ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಬೋರ್ಡಿನ ಮೂಲೆಯಲ್ಲಿ ಒಂದು ದೀಪ ಹೊತ್ತಿಕೊಂಡಿತು. ಸ್ಕ್ರೀನ್ ಕಪ್ಪಗಿತ್ತು. ಮೂವರೂ ನೋಡುತ್ತ ನಿಂತೆವು. ಒಂದು ನಿಮಿಷವಾಯಿತು, ಕಪ್ಪು. ಗೋಡೆಯ ಗಡಿಯಾರ ನೋಡಿದೆ, ಎರಡಾಯಿತು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ.

"ಆಗಲ್ಲ ಅನ್ಸುತ್ತೆ ಅಲ್ವಾ ಆಂಟಿ?" ಎಂದಳು ಯೂನಿಫಾರ್ಮಿನವಳು ಮೆಲ್ಲಗೆ. "ಯಂತ್ರ ಎತ್ತೋಕೆ ವ್ಯಾನಿನವನನ್ನ ಕರೀಲಾ?"

ಅತ್ತಿಗೆ ಅವಳ ಕಡೆ ನೋಡಲಿಲ್ಲ, ಸ್ಕ್ರೀನಿನ ಕಡೆಯೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಅವರು ಸೋಮವಾರದಿಂದ ಹೀಗೇ ನೋಡುತ್ತಿದ್ದಾರೆ ಎಂದು ನನಗೆ ಹೊಳೆದದ್ದು ಆಗ. ನಾನು ಬೋರ್ಡು ನೋಡಿದೆ, ಪ್ರೊಸೆಸರ್ ನೋಡಿದೆ, ಟೇಪು ನೋಡಿದೆ, ಅವರೊಬ್ಬರನ್ನು ನೋಡಿರಲಿಲ್ಲ.

"ಇದು ಓಡಿದ್ರೆ ಓಡಲಿ, ಇಲ್ಲದಿದ್ರೆ ಗುಜರಿಗೆ ಹೋಗಲಿ," ಎಂದೆ. "ನೀವು ಹೋಗಬೇಡಿ ಅತ್ತಿಗೆ. ಕೆಲಸ ಮಾಡಿ, ಬಿಡಿ, ಸುಮ್ಮನೆ ಕೂತಿರಿ. ನೀವಿಲ್ಲದೆ ಈ ಮನೇಲಿ ನನ್ನ ಕೈಲಿ ಇರೋಕಾಗಲ್ಲ. ಯಾರ ಮೇಲೆ ಕೂಗಾಡಲಿ ನಾನು?"

ಅತ್ತಿಗೆ ಯೂನಿಫಾರ್ಮಿನವಳ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಮ್ಮ, ಯಂತ್ರ ಕೊಡಲ್ಲ. ನಿನಗೆ ಬ್ಯಾಡ್ಜಿನ ಡಿಸೈನ್ ಏನಾದ್ರೂ ಬೇಕಾದ್ರೆ ಬಾ, ಮಾಡಿಕೊಡ್ತೀವಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ತುಟಿಯ ಮೂಲೆಯಲ್ಲಿ ಮಾತ್ರ ಆ ಹಾಳು ನಗು.

"ಅಲ್ವೇ, ಇಷ್ಟು ಹೇಳೋಕೆ ನಿನಗೆ ಮದರ್‌ಬೋರ್ಡು, ಪ್ರೊಸೆಸರು, ಮೆಮೊರಿ, ಎಲ್ಲ ಬೇಕಾಯ್ತಾ? ಸೋಮವಾರನೇ ಹೇಳಿದ್ರೆ ಬಾಯಿ ಸವೆದು ಹೋಗ್ತಿತ್ತಾ?"

ನಾನು ಕೂತು ಅಳತೊಡಗಿದೆ. ಅತ್ತಿಗೆ ಮೇಜಿನ ಮೇಲಿದ್ದ ಪಂಚೆಯ ಅಂಚಿನಿಂದ ನನ್ನ ಮುಖ ಒರೆಸುತ್ತಿದ್ದರು.

"ಆಂಟಿ, ಸ್ಕ್ರೀನ್ ಬಂತು," ಎಂದಳು ಯೂನಿಫಾರ್ಮಿನವಳು ಹಿಂದಿನಿಂದ.

"ಬರಲಿ ಬಿಡಮ್ಮ, ಸ್ವಲ್ಪ ಕಾಯಲಿ," ಎಂದರು ಅತ್ತಿಗೆ.